ಮೊದಲ ಮಿಡಿತ ಮೇಲಕ್ಕೋ, ಕೆಳಕ್ಕೋ

ಆವತ್ತು ಬೆಳಗ್ಗೆ ಆಷಾಢದ ಗಾಳಿಗೆ ಹುಚ್ಚೇ ಹಿಡಿದಿತ್ತು. ಸಾಸಲು ಕಡೆಯ ಬಂಡೆಗಳ ನೆತ್ತಿ ಸವರಿಕೊಂಡು ಮೋಡಗಳು ಓಡುತ್ತಿದ್ದವು. ಮಳೆ ಅನ್ನುವ ಹಾಗೂ ಇಲ್ಲ, ಮಳೆಯಿಲ್ಲ ಅನ್ನುವ ಹಾಗೂ ಇಲ್ಲ. ಜರಡಿ ಹಿಡಿದ ಹಿಟ್ಟಿನಂತೆ ಸಣ್ಣ ತುಂತುರು ಅಡ್ಡಡ್ಡ ಬಂದು ಮುಖಕ್ಕೆ ಬಡಿಯುತ್ತಿತ್ತು. ನೀಲಗಿರಿ ತೋಪು ಬಾಗಿ ಬಾಗಿ ಏಳುತ್ತಿತ್ತು.

ಅಂಥದೊಂದು ಬಂಡೆಯ ಮೇಲೆ ಕೀರ್ತನ ಒಬ್ಬಳೇ ಮಂಡಿಯೂರಿ ಕೂತಿದ್ದಳು. ಮುಂದೆ ಸಿಮೆಂಟಿನ ಸಣ್ಣ ಗುಂಡಿ. ಗುಂಡಿಯೊಳಗೆ, ಬಂಡೆಗೆ ಕಿವಿ ಹಚ್ಚಿ ಕೂತ ಹಾಗಿದ್ದ ಒಂದು ಯಂತ್ರ. ರಾತ್ರಿ ಹೆಗ್ಗಣ ಅದರ ತಂತಿ ಕಡಿದುಹಾಕಿತ್ತು.

"ಯಾರ್ರೀ ಅದು ಬಂಡೆ ಮೇಲೆ! ಇಳೀರೀ ಕೆಳಕ್ಕೆ!"

ಅವಳು ತಲೆ ಎತ್ತುವಷ್ಟರಲ್ಲಿ ಒಬ್ಬ ಕೆಂಪು ಬಾವುಟ ಬೀಸುತ್ತಾ ಓಡಿ ಬಂದು, ಅವಳ ಮಣಿಕಟ್ಟು ಹಿಡಿದು ಎಳೆದು, ದೊಡ್ಡ ಗುಂಡುಕಲ್ಲಿನ ಮರೆಗೆ ಕೂರಿಸಿದ.

"ಏನ್ರೀ ಇದು! ಬಿಡ್ರೀ ಕೈನ..."

ಧಡ್!

ಬಂಡೆಯೇ ಒಮ್ಮೆ ಉಸಿರು ಬಿಟ್ಟಂತಾಯಿತು. ಆಕಾಶದಿಂದ ಜಲ್ಲಿ ಉದುರಿತು. ಅವಳು ಕೂತಿದ್ದ ಜಾಗಕ್ಕೇ ಮುಷ್ಟಿ ಗಾತ್ರದ ಕಲ್ಲೊಂದು ಬಂದು ಬಿದ್ದು ಎರಡು ಸಲ ಪುಟಿಯಿತು.



"ಕಿವಿ ಕೇಳ್ಸಲ್ವೇನ್ರೀ ನಿಮ್ಗೆ? ಉಸಿರು ಕಟ್ಟೋ ಹಂಗೆ ಸೀಟಿ ಊದಿದೀನಿ! ಇಲ್ಲೇನ್ರೀ ಕೆಲಸ ನಿಮ್ಗೆ?"

"ಕೇಳಿಸ್ಕೊಳ್ಳೋದೇ... ನನ್ನ ಕೆಲಸ," ಎಂದಳು ನಡುಗುತ್ತಾ.

ಅವನು ತಟ್ಟನೆ ನಿಂತ. ಹಿಡಿದಿದ್ದ ಕೈ ಬಿಟ್ಟ.

"ಮೇಡಮ್ಮಾ? ಸ್ಟೇಷನ್ ಮೇಡಮ್ಮಾ?"

"ಬೈರೇಶ್ ಅವರಾ?"

ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಹೊಸದು. ದನಿ ಮಾತ್ರ ಹಳೆಯದು!

ಅವನು ನಗಲೋ ಬೇಡವೋ ಎಂದು ಒಂದು ಗಳಿಗೆ ನೋಡಿ, ಕೊನೆಗೆ ನಕ್ಕೇಬಿಟ್ಟ. "ಭೂಮಿ ಆ ಕಡೆ ಸದ್ದಾದ್ರೂ ಕೇಳ್ಸುತ್ತೆ ಅಂತಾರೆ ನಿಮ್ಗೆ. ಪಕ್ಕದಲ್ಲಿ ಸೀಟಿ ಊದಿದ್ದು ಕೇಳ್ಸಿಲ್ಲ ನೋಡಿ!"

ಕೀರ್ತನಳಿಗೆ ಅಳು ಬರುವುದರಲ್ಲಿತ್ತು. ಬಂದದ್ದು ನಗು.

ಅವರಿಬ್ಬರ ದನಿಗಳ ಪರಿಚಯ ಆದದ್ದು ಹೀಗೆ. ಲೋಕದ ಯಾವುದೋ ಮೂಲೆಯಲ್ಲಿ ಯಾರಾದರೂ ಕದ್ದುಮುಚ್ಚಿ ನೆಲದೊಳಗೆ ಅಣುಬಾಂಬ್ ಸಿಡಿಸಿದರೆ, ಅವರು ಬಾಯಿ ಮುಚ್ಚಿಕೊಂಡರೂ ಭೂಮಿತಾಯಿ ಮುಚ್ಚಿಡುವುದಿಲ್ಲ. ಅವಳ ಮೈಯ ನಡುಕ ಕಲ್ಲಿನಿಂದ ಕಲ್ಲಿಗೆ ಹರಿದು ಈ ಬಂಡೆಗೂ ಬಂದು ಮುಟ್ಟುತ್ತದೆ. ಅದನ್ನು ಹಿಡಿಯಲು ಸುತ್ತಲಿನ ಬಂಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿ ತೋಡಿ ಯಂತ್ರ ಇಟ್ಟಿದ್ದರು. ಎಲ್ಲ ಗುಂಡಿಗಳ ಮಾತೂ ಭೂಕಂಪನ ಅಳೆಯುವ ಸ್ಟೇಷನ್ನಿನ ಪರದೆಯ ಮೇಲೆ ಗೆರೆಯಾಗಿ ಓಡುತ್ತಿತ್ತು. ಆ ಗೆರೆ ಓದುವುದು ಕೀರ್ತನಳ ಕೆಲಸ.

ಗುಂಡಿ ಮೊದಲು ಬಂದದ್ದು. ಕಲ್ಲು ಕ್ವಾರಿ ಆಮೇಲೆ ಬೆಳೆಯುತ್ತಾ ಹತ್ತಿರ ಬಂತು. ಕ್ವಾರಿಯ ಸಿಡಿಮದ್ದಿನ ಸದ್ದು ದೂರದ ಸದ್ದಿನ ಜೊತೆ ಕಲೆಸಿಹೋಗಬಾರದಲ್ಲ? ಅದಕ್ಕೇ ಒಂದು ಕಟ್ಟುಪಾಡು. ಮದ್ದು ಹಾಕುವ ಮುಂಚೆ ಕ್ವಾರಿಯವರು ಸ್ಟೇಷನ್ನಿಗೆ ಫೋನ್ ಮಾಡಬೇಕು. ಹಾಗೆ ಹೇಳಿ ಹಾಕಿದ ಮದ್ದಿನ ಗೆರೆಯನ್ನು ಯಾರೂ ಬಿಡಿಸಿ ಓದದೆ ಪಕ್ಕಕ್ಕಿಡುತ್ತಿದ್ದರು.

"ಮೇಡಂ, ಹಾಕ್ತಾ ಇದೀವಿ. ಅಪ್ಪಣೆನಾ?"

"ಹಾಕಿ. ಹುಷಾರು."

ಇಷ್ಟೇ. ದಿನಾ ಇಷ್ಟೇ! ಆ 'ಹುಷಾರು' ಕಟ್ಟುಪಾಡಿನಲ್ಲಿ ಇರಲಿಲ್ಲ. ಅದನ್ನು ಯಾವಾಗಿನಿಂದ ಸೇರಿಸಿದಳೋ ಕೀರ್ತನಳಿಗೇ ನೆನಪಿಲ್ಲ. ಆವತ್ತು ಮಾತ್ರ, ಅವಳು ಯಾವ ಗುಂಡಿಗೆ ಹೋಗಿದ್ದಾಳೆಂದು ತಿಳಿಯದ ಇನ್ನೊಬ್ಬರು ಅಪ್ಪಣೆ ಕೊಟ್ಟುಬಿಟ್ಟಿದ್ದರು.

ಈಗ ಆ ದನಿಯ ಮನುಷ್ಯ ಪಕ್ಕದಲ್ಲೇ ನಿಂತಿದ್ದ.

"ನೀವು ತಂತಿ ಹಾಕ್ಕೊಳಿ ಮೇಡಂ, ನೀರು ಬೀಳ್ದಂಗೆ ನಾನು ಹಿಡ್ಕೋತೀನಿ," ಎಂದು ಕೆಂಪು ಬಾವುಟವನ್ನೇ ಬಿಚ್ಚಿ ಗುಂಡಿಯ ಮೇಲೆ ಸೂರಿನಂತೆ ಹಿಡಿದ.

ಬಟ್ಟೆಯ ಕೆಳಗೆ ಕೆಂಪು ಬೆಳಕು. ಕೆಂಪು ಬೆಳಕಲ್ಲಿ ಎರಡು ತಂತಿ. ಅವನ ಅಂಗಿಯಿಂದ ಕಲ್ಲುಪುಡಿಯ ವಾಸನೆ. ಮಣಿಕಟ್ಟಿನ ಮೇಲೆ ಅವನು ಹಿಡಿದ ಬಿಸಿ ಇನ್ನೂ ಆರಿರಲಿಲ್ಲ...

'ಏನಾಗಿದೆ ನನಗೆ? ಹೆದರಿಕೆ ಇನ್ನೂ ಇಳಿದಿಲ್ಲವಾ? ಅಥವಾ ಇದು ಹೆದರಿಕೆ ಅಲ್ಲವಾ?'

ತಂತಿ ಸೇರಿಸಿದಳು. ಸ್ಕ್ರೂ ಬಿಗಿದಳು. ಇಬ್ಬರೂ ಸೇರಿ ಕಲ್ಲಿನ ಮುಚ್ಚಳ ಎಳೆದರು. ಕೆಳಗಿನಿಂದ ಯಾರೋ "ಬೈರಣ್ಣಾ!" ಎಂದು ಕೂಗಿದ್ದಕ್ಕೆ ಅವನು ಓಡಿದ.

ಸ್ಟೇಷನ್ನಿಗೆ ಬಂದು ಚೀಲ ತೆಗೆದರೆ, ಒಳಗೆ ಒದ್ದೆ ಕೆಂಪು ಬಾವುಟ!

ಮಾರನೇ ದಿನ ಫೋನಿನಲ್ಲಿ, "ನಿಮ್ಮ ಬಾವುಟ ನನ್ನ ಹತ್ರಾನೇ ಉಳ್ಕೊಂಡಿದೆ," ಎಂದಳು.

"ಇರ್ಲಿ ಬಿಡಿ ಮೇಡಂ. ಯಾವತ್ತಾದ್ರೂ ಕೊಡಿ. ಇಸ್ಕೊಳೋಕೆ ಒಂದು ನೆಪ ಇರುತ್ತೆ."

ನೆಪ? ಯಾವುದಕ್ಕೆ ನೆಪ?

ಫೋನಿನ ಮಾತು ಉದ್ದವಾಯಿತು. ಅವನ ಅಪ್ಪ ಚಿಕ್ಕಬೀರಪ್ಪ ಕಲ್ಲು ಒಡೆಯಲು ಹೋಗಿ ಸತ್ತದ್ದನ್ನು ಅವನು ಒಂದು ದಿನ ಹೇಳಿದ. ಯಾರೋ ಅವಸರಗಾರ ಸೀಟಿ ಊದದೆ ಮದ್ದು ಹಾಕಿದ್ದನಂತೆ. "ಅದಕ್ಕೇ ಮೇಡಂ, ಊಟ ಬಿಟ್ರೂ ನಾನು ಸೀಟಿ ಬಿಡಲ್ಲ."

ಅವಳು ದೊಡ್ಡಬಳ್ಳಾಪುರದ ತನ್ನ ಮನೆಯ ಮಗ್ಗಗಳ ಬಗ್ಗೆ ಹೇಳಿದಳು. ಆ ಗದ್ದಲದಲ್ಲೇ ಹುಟ್ಟಿ, ಒಂದು ಎಳೆ ತುಂಡಾದರೂ ಕಿವಿಯಲ್ಲೇ ಗೊತ್ತಾಗುವಂತೆ ಬೆಳೆದದ್ದನ್ನು ಹೇಳಿದಳು.

ದೂರದ ಬೆಟ್ಟಗಳ ಒಡಲು ಓದುವವಳಿಗೆ ಹತ್ತಿರದವನ ಮನಸ್ಸು ಓದಲು ಬರಲಿಲ್ಲ. ನೆಲದೊಳಗೆ ಬಾಂಬ್ ಸಿಡಿದರೆ ಅದು ಸುತ್ತಲೂ ಹೊರಕ್ಕೆ ತಳ್ಳುತ್ತದೆ. ಗೆರೆಯ ಮೊದಲ ಮಿಡಿತ ಮೇಲಕ್ಕೆ. ನೆಲ ಕುಸಿದರೆ ಒಳಕ್ಕೆ ಎಳೆಯುತ್ತದೆ. ಮೊದಲ ಮಿಡಿತ ಕೆಳಕ್ಕೆ. ಅಷ್ಟು ಸಲೀಸು! ಆದರೆ 'ಹಾಕ್ತಾ ಇದೀವಿ ಮೇಡಂ' ಎನ್ನುವವನ ಮನಸ್ಸು ತನ್ನ ಕಡೆ ಬರುತ್ತಿದೆಯೋ, ಬರೀ ಮರ್ಯಾದೆಯೋ?

ಆಷಾಢದ ಕೊನೆಯಲ್ಲಿ ಅವನೇ ಕೇಳಿದ. ದನಿ ತೊದಲುತ್ತಿತ್ತು.

"ಮೇಡಂ... ಆಷಾಢದಲ್ಲಿ ಇಂಥ ಮಾತು ಆಡಬಾರ್ದು ಅಂತಾಳೆ ನಮ್ಮಜ್ಜಿ. ಶ್ರಾವಣ ಬಂದ ಮೇಲೆ, ಮೊದಲ್ನೇ ಭಾನುವಾರ... ಅಜ್ಜೀನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

"ಯಾಕೆ?" ಎಂದಳು. ಗೊತ್ತಿದ್ದೂ!

"ಬಾವುಟ ಇಸ್ಕೊಳೋಕೆ."

ಉತ್ತರ ಕೊಡದೆಯೇ ಅವಳು ನಾಚಿಕೆಯಿಂದ ಫೋನ್ ಇಟ್ಟುಬಿಟ್ಟಳು.

ಭೀಮನ ಅಮಾವಾಸ್ಯೆ ಬಂತು. ಒಳ್ಳೆಯ ಗಂಡ ಸಿಗಲಿ ಎಂದು ಹೆಣ್ಣುಮಕ್ಕಳು ದೀಪದ ಕಂಬಕ್ಕೆ ಪೂಜೆ ಮಾಡುವ ದಿನ. ಕೀರ್ತನಳೂ ಮಾಡಿದಳು. ಕಣ್ಣು ಮುಚ್ಚಿದರೆ ಭೀಮೇಶ್ವರನ ಬದಲು ಕತ್ತಿಗೆ ಸೀಟಿ ಹಾಕಿಕೊಂಡವನೇ ಬಂದು ನಿಲ್ಲುತ್ತಿದ್ದ. "ತಪ್ಪಾಯ್ತು ಸ್ವಾಮಿ," ಎಂದು ಕೆನ್ನೆ ತಟ್ಟಿಕೊಂಡಳು. ಅಮ್ಮ ಬಲಗೈಗೆ ಅರಿಶಿನದ ದಾರ ಕಟ್ಟಿದಳು.

ಸ್ಟೇಷನ್ನಿನಲ್ಲಿ ರೂಪ, ಅವಳ ಜೊತೆಗಾತಿ, ಆ ದಾರ ನೋಡಿ ಕಣ್ಣು ಮಿಟುಕಿಸಿದಳು. "ಏನಮ್ಮಾ, ಭೀಮ ಫೋನ್ ಮಾಡ್ಲಿಲ್ವಾ ಇವತ್ತು?"

"ಅಮಾವಾಸ್ಯೆ ಕಣೇ. ಕ್ವಾರಿಯವರು ಇವತ್ತು ಬಂಡೆ ಮುಟ್ಟಲ್ಲ."

ಆ ಮಾತು ಬಾಯಲ್ಲಿರುವಾಗಲೇ ಸಾಸಲು ಗುಂಡಿಯ ಗೆರೆ ಜಿಗಿಯಿತು.

ಕೀರ್ತನ ಬಗ್ಗಿ ನೋಡಿದಳು. ಹೊರಗೆ ಗಾಳಿ ಅಬ್ಬರಿಸುತ್ತಿತ್ತು. ಉಳಿದ ಗುಂಡಿಗಳ ಗೆರೆಗಳೆಲ್ಲ ಆ ಗದ್ದಲದಲ್ಲಿ ಮುಳುಗಿದ್ದವು. ಹತ್ತಿರದ ಈ ಒಂದೇ ಗುಂಡಿ ಸ್ಪಷ್ಟವಾಗಿ ಹೇಳುತ್ತಿತ್ತು. ಜಾಗ ಕ್ವಾರಿ. ಮೊದಲ ಮಿಡಿತ... ಮೇಲಕ್ಕೆ.

ಮೇಲಕ್ಕೆ ಅಂದರೆ ಹೊರಕ್ಕೆ ತಳ್ಳಿದೆ. ತಳ್ಳಿದೆ ಅಂದರೆ ಮದ್ದು.

ಅವಳೇ ಫೋನ್ ಮಾಡಿದಳು.

"ಬೈರೇಶ್ ಅವರೇ, ಇವತ್ತು ಮದ್ದು ಹಾಕಿದ್ರಾ?"

"ಅಮಾವಾಸ್ಯೆ ಮೇಡಂ! ದೇವಸ್ಥಾನದ ಹತ್ರ ಇದೀನಿ."

"ಇಲ್ಲಿ ಬಂದಿದೆಯಲ್ಲಾ... ಬ್ಲಾಸ್ಟು."



"ಇದು ನೀವು ಹೇಳ್ತಿರೋದಾ ಮೇಡಂ, ಯಂತ್ರ ಹೇಳ್ತಿರೋದಾ?"

"ಯಂತ್ರ ಸುಳ್ಳು ಹೇಳಲ್ಲ ಬೈರೇಶ್ ಅವರೇ..."

"ಹಂಗಾದ್ರೆ ಸುಳ್ಳು ಹೇಳ್ತಿರೋದು ನಾನು ಅಂತಾಯ್ತು."

ಫೋನ್ ಕಟ್ಟಾಯಿತು.

ಅಪ್ಪನನ್ನು ಸೀಟಿಯಿಲ್ಲದ ಮದ್ದಿಗೆ ಕಳೆದುಕೊಂಡವನಿಗೆ, 'ನೀನು ಸೀಟಿಯಿಲ್ಲದೆ ಮದ್ದು ಹಾಕಿದೆ' ಎಂದುಬಿಟ್ಟಿದ್ದಳು! ಆದರೆ ಕಣ್ಣ ಮುಂದೆ ಗೆರೆ ಇತ್ತಲ್ಲ? ಯಾರನ್ನು ನಂಬುವುದು? ಲೋಕವೆಲ್ಲ ನಂಬುವ ಗೆರೆಯನ್ನೋ, ತಾನೊಬ್ಬಳೇ ನಂಬಿದ ದನಿಯನ್ನೋ?

ಅರಿಶಿನದ ದಾರದ ಕೈಯಲ್ಲೇ ಅವಳು ವರದಿ ಬರೆದಳು. ಮುನ್ಸೂಚನೆಯಿಲ್ಲದೆ ಸಿಡಿತ.

ವರದಿ ಮೇಲೆ ಹೋಯಿತು. ಬೈರೇಶನ ಪರವಾನಗಿ ತಡೆಹಿಡಿದರು. ಕ್ವಾರಿ ನಿಂತಿತು. ಮದ್ದಿನ ಕೋಣೆಯ ಬೀಗದ ಕೈ ಅವನ ಹತ್ತಿರವೇ ಇದ್ದದ್ದು. "ಮಿಕ್ಕಿದ ಮದ್ದು ಬಚ್ಚಿಟ್ಕೊಂಡು ಯಾರಿಗೋ ಕದ್ದು ಕಲ್ಲು ಎಬ್ಬಿಸಿಕೊಟ್ಟಿದ್ದಾನೆ," ಎಂದು ಊರು ಆಡಿಕೊಂಡಿತು.

ಶ್ರಾವಣದ ಮೊದಲ ಭಾನುವಾರ ಕೀರ್ತನಳ ಅಪ್ಪ ಕೆಂಪರಾಜ್ ಮಗ್ಗ ನಿಲ್ಲಿಸಿ, ಬಿಳಿ ಅಂಗಿ ತೊಟ್ಟು ಜಗುಲಿಯಲ್ಲಿ ಕೂತಿದ್ದರು. ಕಲ್ಲು ಕ್ವಾರಿಯ ಕಡೆಯವರು ಬರುತ್ತಾರೆ ಎಂದಷ್ಟೇ ಮಗಳು ಹಿಂದೆ ಹೇಳಿದ್ದಳು. ಬರಲಾರರು ಎಂದು ಹೇಳಲು ಬಾಯಿ ಬಂದಿರಲಿಲ್ಲ. ಮಧ್ಯಾಹ್ನವಾಯಿತು. ಸಂಜೆಯಾಯಿತು.

"ಎಲ್ಲಮ್ಮಾ ನಿಮ್ಮ ಕಲ್ಲಿನೋರು?"

ಅವಳು ಒಳಗೆ ಹೋದಳು. ಅವರು ಮತ್ತೆ ಕೇಳಲೂ ಇಲ್ಲ. ಎದ್ದು ಹೋಗಿ ಮಗ್ಗ ಹಾಕಿದರು. ಆ ಸದ್ದಿನಲ್ಲಿ ಅವಳ ಅಳು ಯಾರಿಗೂ ಕೇಳಿಸಲಿಲ್ಲ.

'ಅವನು ಸುಳ್ಳು ಹೇಳಿದ್ದರೆ ನನಗೆ ಯಾಕಿಷ್ಟು ನೋವು? ನಿಜ ಹೇಳಿದ್ದರೆ... ಅಯ್ಯೋ ದೇವರೇ, ನಿಜ ಹೇಳಿದ್ದರೆ?'

ಶ್ರಾವಣ ಶನಿವಾರದ ಬೆಳಗ್ಗೆ. ರೂಪ ವೆಂಕಟರಮಣನ ಪಟಕ್ಕೆ ತುಳಸಿ ಏರಿಸುತ್ತಿದ್ದಳು. ಪರದೆಯ ಮೇಲೆ ಗೆರೆಗಳು ಒಂದರ ಹಿಂದೊಂದು ಜಿಗಿದವು. ಸಾಲಾಗಿ... ಎಲ್ಲವೂ!

ಸ್ಟೇಷನ್ನಿನ ಹಿರಿಯರಾದ ಲಕ್ಷ್ಮಯ್ಯನವರು ಕಾಫಿ ಲೋಟ ಅಲ್ಲೇ ಬಿಟ್ಟು ಬಂದರು. ದಿಕ್ಕು ಲೆಕ್ಕ ಹಾಕಿದರು. ಬಹಳ ದೂರದ ಒಂದು ದೇಶದ ಬೆಟ್ಟದ ಸಾಲು. ಅಲ್ಲಿ ಸುರಂಗ ಕೊರೆಯುತ್ತಿದ್ದಾರೆಂದು ಮೊದಲೇ ಗುಮಾನಿಯಿತ್ತು.

"ಭೂಕಂಪವೋ, ಬಾಂಬೋ?" ಎಂದಳು ರೂಪ. ದನಿ ಇಳಿದಿತ್ತು.

"ಮೊದಲ ಹೊಡೆತ ಇಷ್ಟು ಚೂಪಾಗಿದೆ. ಹಿಂದೆ ಬರೋ ಅಲೆ ಸಪ್ಪೆ. ಕೀರ್ತನ, ಒಂದೊಂದೇ ಗುಂಡಿ ಓದಮ್ಮಾ."

"ಮೇಲೆ ಸರ್... ಮೇಲೆ... ಇದೂ ಮೇಲೆ... ಸರ್! ಸಾಸಲು ಗುಂಡಿ ಕೆಳಗೆ!"

"ಆಗೋಕೇ ಸಾಧ್ಯವಿಲ್ಲ. ಅಷ್ಟು ದೂರದಿಂದ ಬಂದ ಅಲೆ ಪಕ್ಕಪಕ್ಕದ ಬಂಡೆಗಳಿಗೆಲ್ಲ ಒಂದೇ ಥರ ಮುಟ್ಟುತ್ತೆ. ಒಂದು ಮಾತ್ರ ಯಾಕೆ ತಿರುಗಿ ಮಾತಾಡುತ್ತೆ?"

ಕೀರ್ತನ ಆ ಗೆರೆಯನ್ನೇ ನೋಡಿದಳು.

ಕೆಂಪು ಬೆಳಕು. ಎರಡು ತಂತಿ. ಕಲ್ಲುಪುಡಿಯ ವಾಸನೆ...

'ಎಳೆ ಅದಲು ಬದಲಾದ್ರೆ ಬಟ್ಟೆ ಮುಗಿಯೋವರೆಗೂ ಅದೇ ತಪ್ಪು ಮಗಳೇ,' ಎನ್ನುತ್ತಿದ್ದರು ಅಪ್ಪ.

"ಸರ್, ತಂತಿ ಅದಲು ಬದಲಾಗಿದೆ," ಎಂದಳು. "ಆ ಗುಂಡಿ ಮೇಲಿರೋದನ್ನ ಕೆಳಗೆ, ಕೆಳಗಿರೋದನ್ನ ಮೇಲೆ ಅಂತ ತೋರಿಸ್ತಿದೆ. ಕಟ್ಟಿದ್ದು ನಾನು."

ಲಕ್ಷ್ಮಯ್ಯನವರು ಅವಳ ಮುಖ ನೋಡಿದರು. "ಮೊದ್ಲು ಲೋಕದ ಕೆಲಸ ಮುಗ್ಸು. ಆಮೇಲೆ ನಿಂದು."

ಮುಗಿಸಿದಳು. ಆ ದೇಶ ಬಾಯಿ ಬಿಡುವ ಮುಂಚೆಯೇ, ಬೆಟ್ಟದೊಳಗೆ ಸಿಡಿದದ್ದು ಬಾಂಬೇ ಎಂಬ ಮಾತು ಇಲ್ಲಿಂದಲೂ ಹೋಯಿತು. ಫೋನುಗಳು ಬಡಿದುಕೊಳ್ಳುತ್ತಿದ್ದವು. ಆ ಗದ್ದಲದ ನಡುವೆ ಅವಳು ಅಮಾವಾಸ್ಯೆಯ ಗೆರೆ ತೆಗೆದು, ತಿರುವಿ ಹಾಕಿ ನೋಡಿದಳು.

ಕೆಳಕ್ಕೆ!

ಸಿಡಿದಿಲ್ಲ. ಕುಸಿದಿದೆ. ಅವನು ಮದ್ದು ಹಾಕಿಲ್ಲ... ಹಾಕೇ ಇಲ್ಲ!

ತಿದ್ದಿದ ವರದಿಯ ಕೆಳಗೆ, 'ತಂತಿ ತಪ್ಪಾಗಿ ಸೇರಿಸಿದ್ದು ನಾನೇ' ಎಂದು ಬರೆದು ತನ್ನ ಹೆಸರು ಹಾಕಿದಳು.

"ಇಷ್ಟು ಬಿಡಿಸಿ ಬರೀಬೇಕಾ ಕೀರ್ತನ? ಯಂತ್ರದ ದೋಷ ಅಂದ್ರೂ ನಡೆಯುತ್ತೆ," ಎಂದರು ಲಕ್ಷ್ಮಯ್ಯ.

"ಯಂತ್ರ ಸುಳ್ಳು ಹೇಳಲ್ಲ ಅಂತ ಅವರಿಗೆ ಹೇಳಿದ್ದು ನಾನು ಸರ್. ಈಗ ಅದರ ತಲೆ ಮೇಲೆ ಹಾಕೋದು ಬೇಡ."

ಅವರು ಸಹಿ ಹಾಕಿಕೊಟ್ಟರು.

ಆವತ್ತು ಸಂಜೆ ಬೈರೇಶನ ಮನೆಯಂಗಳದಲ್ಲಿ ಅವನ ಅಜ್ಜಿ ಮುನಿತಾಯಮ್ಮ ರಾಗಿ ಕೇರುತ್ತಿದ್ದಳು. ಸ್ಕೂಟರ್ ನಿಲ್ಲಿಸಿ ಬಂದವಳನ್ನು ಮೊರದ ಮೇಲಿಂದಲೇ ಅಳೆದಳು.

"ನೀನೇನಾ ಆ ನೆಲ ಕೇಳೋ ಹುಡ್ಗಿ?"

"ಹೂಂ ಅಜ್ಜಿ."

"ನನ್ನ ಮೊಮ್ಮಗ ಉಣ್ಣದೆ ಬಿಟ್ಟಿರೋದು ಕೇಳ್ಸ್‌ಲಿಲ್ವೇನವ್ವಾ?"

ಕೀರ್ತನ ತಲೆ ತಗ್ಗಿಸಿದಳು. ಕಣ್ಣೀರು ಅಂಗಳದ ಮಣ್ಣಿಗೆ ಬಿತ್ತು.

ಅಜ್ಜಿ ಮೊರ ಕೆಳಗಿಟ್ಟಳು. "ಅಯ್ಯ, ಅದ್ಯಾಕೆ ಅಳ್ತೀಯ! ಬಂಡೆ ಮೇಲೆ ಕುಂತವ್ನೆ, ಹೋಗು. ಕೆಲಸ ಇಲ್ದಿದ್ರೂ ಸೀಟಿ ಕತ್ತಿಗೆ ಹಾಕ್ಕೊಂಡೇ ಓಡಾಡ್ತಾನೆ, ಹುಚ್ಚುನನ್ಮಗ."

ಗಾಳಿ ಇಳಿದಿತ್ತು. ಬಂಡೆಯ ಮೇಲೆ ಶ್ರಾವಣದ ಇಳಿಬಿಸಿಲು. ಅವನು ಗುಂಡುಕಲ್ಲಿಗೆ ಒರಗಿ ಕೂತಿದ್ದ. ಅವಳನ್ನು ಕಂಡು ಎದ್ದ. ಮುಖ ಆ ಕಡೆ ತಿರುಗಿಸಿದ.

"ಮುಚ್ಚಳ ಎತ್ತೋಕೆ ಒಂದು ಕೈ ಹಿಡೀತೀರಾ?" ಎಂದಳು. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

ಇಬ್ಬರೂ ಎತ್ತಿದರು. ಅವಳು ಸ್ಕ್ರೂ ಸಡಿಲಿಸಿ, ಎರಡು ತಂತಿ ಬಿಡಿಸಿ, ಅದಲು ಬದಲು ಮಾಡಿ ಬಿಗಿದಳು. ಅವನು ನೋಡುತ್ತಲೇ ಇದ್ದ.

"ಉಲ್ಟಾ ಹಾಕಿದ್ದೆ," ಎಂದಳು, ಗುಂಡಿಯೊಳಗೇ ನೋಡುತ್ತಾ. "ನೀವು ಮದ್ದು ಹಾಕಿರ್ಲಿಲ್ಲ. ಏನೋ ಕುಸಿದಿತ್ತು. ಪರವಾನಗಿ ಕಚೇರಿಗೆ ಬರೆದುಕೊಟ್ಟು ಬಂದೆ. ತಪ್ಪು ನಂದು ಅಂತ."

ಅವನು ಕೆಳಗೆ, ಹಳೇ ಕ್ವಾರಿಯ ನೀರು ತುಂಬಿದ ಹೊಂಡದ ಕಡೆ ಕೈ ತೋರಿಸಿದ.

"ಅಲ್ಲಿ ಒಂದು ಕಲ್ಲಿನ ಗೋಡೆ ಇತ್ತು. ಮೇಲೊಂದು ಬೇವಿನ ಗಿಡ ಇತ್ತು. ಈಗ ಎರಡೂ ನೀರೊಳಗೆ. ಮಾರನೇ ದಿನಾನೇ ನೋಡ್ದೆ."

"ಹೇಳ್ಬೇಕಿತ್ತಲ್ವಾ!"

"ಆಫೀಸಿನೋರಿಗೆ ತೋರ್ಸ್ದೆ. 'ನೀನೇ ಸಿಡಿಸಿ ಬೀಳ್ಸಿದ್ದೀಯ' ಅಂದ್ರು."

"ನನಗೆ?"

"ನನ್ನ ಮಾತೇ ನಂಬದೋರಿಗೆ ಕಲ್ಲು ತೋರ್ಸಿ ಏನ್ ಮಾಡ್ಲಿ ಮೇಡಂ?"

ಮಾತು ನೆಟ್ಟಗೆ ಬಂದು ನಾಟಿತು. ಅವಳು ತಪ್ಪಿಸಿಕೊಳ್ಳಲಿಲ್ಲ.

"ನಂಬ್ಬೇಕಿತ್ತು," ಎಂದಳು. "ನಂಬಿಲ್ಲ. ಅದಕ್ಕೆ ನಾನು ಏನೂ ನೆಪ ಹೇಳಲ್ಲ."

ಒಂದು ಹಕ್ಕಿ ಬಂಡೆಯ ಮೇಲೆ ಬಂದು ಕೂತು, ಇಬ್ಬರನ್ನೂ ನೋಡಿ ಹಾರಿಹೋಯಿತು.

"ಇಷ್ಟು ವರ್ಷದಿಂದ ಮಾಡ್ತಿದ್ದೀರಿ ಈ ಕೆಲಸ," ಎಂದ ಅವನು, ದನಿ ಸ್ವಲ್ಪ ಮೆತ್ತಗಾಗಿ. "ಆವತ್ತೊಂದಿನ ಯಾಕೆ ತಪ್ಪಾಯ್ತು?"

ಕೀರ್ತನ ಈಗ ತಲೆ ಎತ್ತಿದಳು. ಕಣ್ಣು ತುಂಬಿತ್ತು. ತುಟಿಯ ಮೇಲೆ ಮಾತ್ರ ಸಣ್ಣ ನಾಚಿಕೆ.

"ಆವತ್ತು ನೀವು ಪಕ್ಕದಲ್ಲಿದ್ರಿ... ಅದಕ್ಕೆ."

ಬೈರೇಶನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ಗುಂಡಿಯನ್ನು ನೋಡಿದ, ಹೊಂಡವನ್ನು ನೋಡಿದ, ಕೊನೆಗೆ ಅವಳನ್ನೇ ನೋಡಿದ.

"ಇವತ್ತೂ ಪಕ್ಕದಲ್ಲೇ ಇದೀನಲ್ಲಾ... ಸರಿಯಾಗಿ ಹಾಕಿದ್ದೀರಾ?"

"ನೋಡ್ಕೊಂಡೇ ಹಾಕಿದೀನಿ!"

ಅವನು ನಕ್ಕ. ಎಷ್ಟೋ ದಿನದ ಮೇಲಿನ ನಗು. ಅಂಚಿನಲ್ಲಿ ಇನ್ನೂ ನೋವಿತ್ತು.

"ಕೀರ್ತನಾ," ಎಂದ. ಮೊದಲ ಸಲ ಹೆಸರು ಹಿಡಿದು. "ಶ್ರಾವಣ ಇನ್ನೂ ಮುಗ್ದಿಲ್ಲ. ನಾಳೆ ಭಾನುವಾರ. ಅಜ್ಜೀನ ಕರ್ಕೊಂಡು ಬರ್ಲಾ? ಅಪ್ಪಣೆನಾ?"

"ಬನ್ನಿ," ಎಂದಳು. "ಹುಷಾರು."

ಮುಚ್ಚಳ ಎಳೆದು ಮುಚ್ಚಿದರು. ಕೆಳಗೆ ಬಂಡೆ ತನ್ನ ಪಾಡಿಗೆ ತಾನು ಲೋಕವನ್ನೆಲ್ಲ ಕೇಳಿಸಿಕೊಳ್ಳುತ್ತಾ ಮಲಗಿತ್ತು.

ಅವಳು ಚೀಲ ತೆರೆದಳು. ಒಗೆದು, ಮಡಿಸಿ, ಇಷ್ಟು ದಿನ ಮೇಜಿನ ಖಾನೆಯಲ್ಲಿಟ್ಟಿದ್ದ ಕೆಂಪು ಬಾವುಟವನ್ನು ತೆಗೆದು, ಇನ್ನು ನೆಪ ಬೇಡವೆಂಬಂತೆ ಅವನ ಕೈಗಿಟ್ಟಳು.